ಯೋಗಕ್ಷೇಮದ ಬಸ್ಸು

“ಕೈ ತೆಗಿಯಮ್ಮ, ಹೊತ್ತು ವಾಲ್ತಾ ಐತೆ,” ಎಂದು ಚಿಕ್ಕಹನುಮಯ್ಯ ಮತ್ತೆ ಹೇಳಿದ.

ಮಹಾಲಕ್ಷ್ಮಮ್ಮ ಕೈ ತೆಗೆಯಲಿಲ್ಲ. ಗಂಡನನ್ನು ಮಲಗಿಸಿದ್ದ ಚಟ್ಟದ ಬಿದಿರನ್ನು, ತಿರುವಿನಲ್ಲಿ ಬಸ್ಸಿನ ಕಂಬಿ ಹಿಡಿಯುವವರ ಹಾಗೆ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು. ಎತ್ತಲು ಬಗ್ಗಿದ್ದವರು ಹೆಗಲ ಟವೆಲ್ ಸರಿಮಾಡಿಕೊಳ್ಳುತ್ತ ನೆಟ್ಟಗಾದರು. ತಮಟೆಯವರು ಬಡಿಯುವುದನ್ನು ನಿಲ್ಲಿಸಿ, ಬೀಡಿ ಹಚ್ಚಲೋ ಬೇಡವೋ ಎಂದು ಚಿಕ್ಕಹನುಮಯ್ಯನ ಮುಖ ನೋಡಿದರು.

“ನಮ್ಮಣ್ಣ ಬರ್ಲಿ ಬಾವ. ಬಂದ್ಮೇಲೆ ಎತ್ತಿ.”

“ನಿಮ್ಮಣ್ಣ ಬತ್ತಾನಾ? ಇಷ್ಟು ವರ್ಷದಾಗೆ ಒಂದ್ಸಲಾನಾದ್ರೂ ಈ ಬೀದಿಗೆ ಕಾಲಿಟ್ಟವ್ನಾ? ನೀನೇ ಹೇಳು.”

ಚಿಕ್ಕಹನುಮಯ್ಯ ಕೆಟ್ಟ ಮನುಷ್ಯನೇನಲ್ಲ. ಸತ್ತ ಗಂಗಹನುಮಯ್ಯನಿಗೆ ದೊಡ್ಡಪ್ಪನ ಮಗ, ಮನೆತನಕ್ಕೆ ಹಿರಿಯ. ಬೆಳಗಿನಿಂದ ಗುಂಡಿ ತೋಡಿಸಿ, ಬಿದಿರು ಕಡಿಸಿ, ಓಡಾಡಿ ಅವನ ಗಂಟಲು ಒಣಗಿತ್ತು. ಚೈತ್ರದ ಬಿಸಿಲು ಬೇರೆ. ಚನ್ನರಾಯನದುರ್ಗದ ಬಂಡೆ ಕಾದು, ಅದರ ಝಳ ಬುಡದ ಊರಿಗೆಲ್ಲ ಹೊಡೆಯುತ್ತಿತ್ತು. ಆದರೆ ಪದ್ಧತಿ ಪದ್ಧತಿಯೇ. ಗಂಡ ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸದೆ ಆ ಕಡೆ ಹೆಣ ಎತ್ತುವುದಿಲ್ಲ.

“ಕೆಳಗಲ ಬೀದಿ ಕಾಡಸಿದ್ದಪ್ಪ ನಿಮ್ಮ ತವರಿನ ಬೆಡಗಿನೋನೇ ಅಲ್ವಾ? ಅಣ್ಣನ ಜಾಗದಾಗೆ ಅವ್ನು ನಿಂತ್ಕೊಂಡು ಹೊದಿಸ್ಲಿ. ಸೀರೆ ಮಧುಗಿರೀಲಿ ತರ್ಸಿ ಇಟ್ಟಿವ್ನಿ.”

“ಸೀರೆ ಮಧುಗಿರೀಲಿ ಸಿಗ್ತೈತೆ ಬಾವ. ಅಣ್ಣ ಸಿಗಾಕಿಲ್ಲ.”

ಮಗ ಗೌರೀಶ ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಶಿರಾದ ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸ ಅವನಿಗೆ. ಸುದ್ದಿ ಕೇಳಿ ಮಿಲ್ಲಿನ ಬಟ್ಟೆಯಲ್ಲೇ ಓಡಿಬಂದಿದ್ದ.

“ಮಾವ ಫೋನೇ ಎತ್ತಲ್ಲ ಕಣಮ್ಮ. ಬೆಳಗಿಂದ ಮಾಡ್ತಾನೇ ಇವ್ನಿ.”

“ಬೆಳಿಗ್ಗೆ ಬಸ್ಸಲ್ಲಿ ಸುದ್ದಿ ಹೋಗೈತೆ. ಅದೇ ಬಸ್ಸು ವಾಪಸ್ ಬರ್ಬೇಕಲ್ಲ, ಬರ್ಲಿ.”

ಕೊರಟಗೆರೆಯಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಆ ಬಸ್ಸಿನಲ್ಲಿ ಗಂಗಹನುಮಯ್ಯ ಆಯುಷ್ಯವೆಲ್ಲ ಕಂಡಕ್ಟರಾಗಿದ್ದ. ಬೆಳಿಗ್ಗೆ ಬಸ್ಸು ನಿಲ್ಲುವ ದುರ್ಗದ ಗೇಟಿನಲ್ಲಿ ಡ್ರೈವರ್ ಪ್ರಸನ್ನ ಕುಮಾರ್ ಸುದ್ದಿ ಕೇಳಿದವನೇ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತಿದ್ದನಂತೆ. ಆಮೇಲೆ ಎದ್ದು, ಬಸ್ಸಿನ ಹಣೆಗೆ ಒಂದು ಚೆಂಡುಹೂವಿನ ಹಾರ ಹಾಕಿ, “ಓಬಳಪ್ಪಣ್ಣಂಗೆ ನಾನೇ ಹೇಳ್ತೀನಿ” ಎಂದು ಹೋಗಿದ್ದ.

ಓಬಳಪ್ಪ ಎಂದರೆ ಮಹಾಲಕ್ಷ್ಮಮ್ಮನ ಒಬ್ಬನೇ ಅಣ್ಣ. ಪಾವಗಡದ ಈಚೆ ಒಂದು ಗೇಟಿನಲ್ಲಿ ಅವನದು ಬೀಡಿ, ಬಾಳೆಹಣ್ಣಿನ ಪೆಟ್ಟಿಗೆ ಅಂಗಡಿ.

*

ಗೌರೀಶ ಆಗ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಊರಿಗೆಲ್ಲ ಒಂದೇ ಫೋನು, ಅದೂ ಅಂಗಡಿಯದು. ಅವ್ವ ಹೋದಳು ಎಂಬ ಸುದ್ದಿ ಬಂದಾಗ ಮಹಾಲಕ್ಷ್ಮಮ್ಮ ಮಗುವನ್ನು ಕಂಕುಳಿಗೆ ಹಾಕಿಕೊಂಡು ಗಂಡನ ಬಸ್ಸನ್ನೇ ಹತ್ತಿದಳು. ಮಿಡಿಗೇಶಿ ದಾಟಿದ್ದೇ ತಡ, ಆ ಹಾಳು ಬಸ್ಸಿನ ಆಕ್ಸಲ್ ಮುರಿಯಿತು.

ಗಂಗಹನುಮಯ್ಯ ಟಿಕೆಟ್ ಚೀಲ ಎದೆಗೆ ಅವಚಿಕೊಂಡು ರಸ್ತೆಗೆ ಅಡ್ಡ ನಿಂತು, ಬಂದ ಬಂದ ಲಾರಿಗೆಲ್ಲ ಕೈ ಮುಗಿದ. ಕೊನೆಗೆ ಒಂದು ಕಡಲೆಕಾಯಿ ಲಾರಿ ನಿಂತಿತು. ಹೆಂಡತಿಯನ್ನು ಮೂಟೆಗಳ ಮೇಲೆ ಕೂರಿಸಿ ಕರೆದೊಯ್ದ. ಅವರು ಹೋಗಿ ಇಳಿದಾಗ ಮಣ್ಣು ಮಾಡಿ ಬಂದವರು ಬಾವಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು.

“ನಮ್ಮವ್ವನ ಮುಖ ತೋರ್ಸಲಿಲ್ಲ ನೀನು,” ಎಂದು ಅವಳು ಅಣ್ಣನ ಎದೆಗೆ ಗುದ್ದಿದಳು. “ನಾನೇನು ಬೀದೀಲಿ ಹೋಗೋಳಾ? ಇನ್ನು ನಿನ್ನ ಹೊಸ್ಲು ತುಳಿದ್ರೆ ಕೇಳು!”

ಬೆಳಗಿನಿಂದ ಹನಿ ನೀರು ಕುಡಿಯದೆ ನಿಂತಿದ್ದವನಿಗೂ ಎಲ್ಲಿತ್ತೋ ಆ ಸಿಟ್ಟು. “ಓಗು! ನಿನ್ನ ಮನೆ ನೀರು ನಾನೂ ಮುಟ್ಟಾಕಿಲ್ಲ!”

ಆಡಿದ್ದು ಎರಡೇ ಮಾತು. ಅಷ್ಟಕ್ಕೇ ತವರಿನ ದಾರಿ ಮುಚ್ಚಿಹೋಯಿತು. ಊರಿಗೆ ಬಂದ ಮೇಲೆ ಗಂಗಹನುಮಯ್ಯ ನಗಿಸಲು ನೋಡಿದ: “ತಪ್ಪು ನಿಂದೂ ಅಲ್ಲ, ನಿಮ್ಮಣ್ಣಂದೂ ಅಲ್ಲ ಕಣೆ. ಆಕ್ಸಲ್‌ದು.” ಅವಳು ನಗಲಿಲ್ಲ. ಅವನಿಗೂ ನಗು ಬಂದಿರಲಿಲ್ಲ. ತನ್ನ ಬಸ್ಸು ಕೈಕೊಟ್ಟಿತಲ್ಲ ಎಂಬುದು ಅವನ ಹೊಟ್ಟೆಯೊಳಗೆ ಕೂತುಬಿಟ್ಟಿತು.

*

“ಲಕ್ಷ್ಮವ್ವ, ಒಂದು ಗುಟುಕು ನೀರಾದ್ರೂ ಕುಡಿ,” ಎಂದು ಪಕ್ಕದ ಮನೆಯ ಮುದುಕಿ ಹೊನ್ನಕ್ಕ ಚೊಂಬು ಹಿಡಿದಳು. ಮಹಾಲಕ್ಷ್ಮಮ್ಮ ತಲೆಯಾಡಿಸಿದಳು. ಕೈ ಬಿಟ್ಟರೆ ಎತ್ತಿಬಿಡುತ್ತಾರೆ ಎಂಬ ಭಯ ಅವಳಿಗೆ.

ಜನ ಗೊಣಗಲು ಶುರುಮಾಡಿದ್ದರು. ಗುಂಡಿ ತೋಡಿದವರಿಗೆ ಹಸಿವು. ದೂರದ ನೆಂಟರಿಗೆ ಬಸ್ಸಿನ ಚಿಂತೆ. “ಬಿಸ್ಲಿಗೆ ಹೆಣ ಕೆಡ್ತೈತೆ ಕಣ್ಲಾ, ಹೇಳ್ಲಾ ನಿಮ್ಮಮ್ಮಂಗೆ,” ಎಂದು ಯಾರೋ ಗೌರೀಶನನ್ನು ತಿವಿದರು. ಚಿಕ್ಕಹನುಮಯ್ಯ ಒಮ್ಮೆ ಸೂರ್ಯನ ಕಡೆ, ಒಮ್ಮೆ ಅವಳ ಕಡೆ ನೋಡುತ್ತಿದ್ದ. ಒಬ್ಬೊಬ್ಬರ ಮುಖವನ್ನೂ ಅವಳು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ಇನ್ನೊಂದು ಚೂರು, ಇನ್ನೊಂದು ಚೂರು.

ಆಗ ಅವಳಿಗೆ ಅವ್ವ ಹೋದ ದಿನ ನೆನಪಾಯಿತು. ಅಯ್ಯೋ, ಅಂದು ಅಣ್ಣನೂ ಹೀಗೇ ಎಷ್ಟು ಮಂದಿಯ ಮುಖ ನೋಡಿದ್ದನೋ! ನನಗಾಗಿ ಎಷ್ಟು ಹೊತ್ತು ತಡೆದಿದ್ದನೋ! ನಾನು ಒಂದು ಮಾತು ಕೇಳಲಿಲ್ಲವಲ್ಲ.

ಗಂಡನ ಮುಖ ನೋಡಿದಳು. ಅವನ ಖಾಕಿ ಅಂಗಿಯನ್ನು ಮಡಿಸಿ ತಲೆಯ ಕೆಳಗೆ ಇಟ್ಟಿದ್ದರು. ಬಾಯಿ ಕೊಂಚ ಓರೆಯಾಗಿ, ಸುಳ್ಳು ಹೇಳುವ ಮುಂಚೆ ಇರುತ್ತಿದ್ದ ಹಾಗೇ ಇತ್ತು.

*

ಆ ಬಸ್ಸಿನ ಹಣೆಯ ಮೇಲೆ ಮಾಲೀಕರು ಹಳದಿ ಬಣ್ಣದಲ್ಲಿ ‘ಯೋಗಕ್ಷೇಮಂ ವಹಾಮ್ಯಹಂ’ ಎಂದು ಬರೆಸಿದ್ದರು. ವರ್ಷಗಟ್ಟಲೆ ಅದರ ಕೆಳಗೇ ಹತ್ತಿ ಇಳಿದರೂ ಅದೇನೆಂದು ಗಂಗಹನುಮಯ್ಯ ತಲೆ ಕೆಡಿಸಿಕೊಂಡವನಲ್ಲ. ಒಂದು ದಿನ ಕೊರಟಗೆರೆಯ ರಿಟೈರಾದ ಮೇಷ್ಟ್ರೊಬ್ಬರು ಮುಂದಿನ ಸೀಟಿನಲ್ಲಿ ಕೂತು, “ಏನಪ್ಪಾ ಕಂಡಕ್ಟರ್, ನಿನ್ನ ಬಸ್ಸಿನ ಹಣೆಬರಹದ ಅರ್ಥ ಗೊತ್ತೇನು?” ಎಂದರು.

“ಇನ್ಸೂರೆನ್ಸು ಸ್ವಾಮಿ,” ಎಂದ ಇವನು. ಬಸ್ಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕು, ಮಧುಗಿರಿ ಬರುವವರೆಗೆ ಬಿಡಿಸಿ ಹೇಳಿದರು.

ಅಂದು ಊಟಕ್ಕೆ ಕೂತವನು ಮುದ್ದೆ ಮುರಿಯುವುದನ್ನೂ ಮರೆತು ಹೆಂಡತಿಗೆ ಅದನ್ನೇ ಒಪ್ಪಿಸಿದ.

“ಗೀತೇಲಿ ಕೃಷ್ಣ ಹೇಳಿದ್ದಂತೆ ಕಣೆ. ಯೋಗ ಅಂದ್ರೆ ಇಲ್ದೇ ಇರೋದು ಬಂದು ಸೇರೋದು. ಕ್ಷೇಮ ಅಂದ್ರೆ ಬಂದಿದ್ದು ಕೈಬಿಟ್ಟು ಹೋಗ್ದಂಗೆ ಕಾಯೋದು. ಎರಡೂ ನಾನೇ ಹೊರ್ತೀನಿ ಅಂದ್ನಂತೆ. ಕೊಡ್ತೀನಿ ಅಂದಿಲ್ಲ ನೋಡು, ಹೊರ್ತೀನಿ ಅಂದವ್ನೆ. ಮೇಷ್ಟ್ರು ಒತ್ತಿ ಒತ್ತಿ ಹೇಳಿದ್ರು. ಕೊಡೋನು ಕೂತಲ್ಲೇ ಕೊಡ್ಬೋದು. ಹೊರೋನು ಎದ್ದು ಬರ್ಬೇಕು.”

“ಅಂಗಾದ್ರೆ ದೇವ್ರೂ ನಿನ್ ಥರ ಕಂಡಕ್ಟ್ರು ಅನ್ನು.”

“ಊಂ ಮತ್ತೆ! ಲಗೇಜು ನೋಡಿದ್ರೆ ಅವಂದೇ ಜಾಸ್ತಿ,” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, ಏನೋ ಯೋಚಿಸುತ್ತ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ಕರಗಿಸಿಬಿಟ್ಟ.

ಮುಂದಿನ ವಾರ ಮನೆಗೆ ಬಂದವನ ಕೈಯಲ್ಲಿ ಒಂದು ಪೊಟ್ಟಣ. “ನಿಮ್ಮಣ್ಣ ಕೊಟ್ಟ. ಲಚ್ಚಿಗೆ ಕೊಡು ಅಂದ.” ಒಳಗೆ ಚಕ್ಕುಲಿ. ಅಲ್ಲಿಂದ ಅದು ಶುರುವಾಯಿತು. ವಾರಕ್ಕೊಮ್ಮೆ ಏನಾದರೂ ತರುವನು, ಜೊತೆಗೊಂದು ಮಾತು ತರುವನು.

“ಲಚ್ಚಿ ಮಂಡಿನೋವು ಹೆಂಗೈತೆ ಅಂದ ನಿಮ್ಮಣ್ಣ.”

“ನಂಗೆ ಮಂಡಿನೋವು ಬಂದಿದ್ದೇ ಮೊನ್ನೆ. ಅವ್ನಿಗೆ ಹೆಂಗೆ ಗೊತ್ತಾತು?”

“ನಾನು ಹೇಳ್ದೆ.”

“ಅವ್ನು ಕೇಳ್ದಲೆ ನೀನ್ಯಾಕೆ ಹೇಳ್ದೆ?”

“ಕೇಳೋ ಅಂಗೆ ಮುಖ ನೋಡ್ದ ಕಣೆ!”

ಅವಳು ನಂಬಿದ್ದಳು. ನಂಬದಿದ್ದರೆ ಬದುಕುವುದು ಹೆಂಗೆ? ಹೆಣ್ಣಿಗೆ ತವರಿನ ಒಂದು ಚಕ್ಕುಲಿಯೂ ಮೂಟೆ ತೂಕವೇ.

ಸಿಕ್ಕಿಬಿದ್ದದ್ದು ಒಂದು ಯುಗಾದಿಯಲ್ಲಿ. ಹಬ್ಬದ ಮಾರನೆಯ ದಿನ “ನಿಮ್ಮಣ್ಣನ ಮನೇದು” ಎಂದು ಒಬ್ಬಟ್ಟು ತಂದು ತಟ್ಟೆಗಿಟ್ಟು ಡ್ಯೂಟಿಗೆ ಹೋಗಿದ್ದ. ಅದೇ ಮಧ್ಯಾಹ್ನ ತವರಿನ ಕಡೆಯ ಹೆಂಗಸೊಬ್ಬಳು ಹುಣಸೆಹಣ್ಣು ಮಾರುತ್ತ ಬಂದಳು. ಜಗಲಿಯ ಮೇಲೆ ಬುಟ್ಟಿ ಇಳಿಸಿ ನಿಟ್ಟುಸಿರು ಬಿಟ್ಟಳು. “ನಿಮ್ಮ ಚಿಕ್ಕಪ್ಪ ಸಂಕ್ರಾಂತೀಲಿ ಹೋಗ್ಬುಟ್ಟ, ಪಾಪ. ಓಬಳಪ್ಪನ ಮನೆಯಾಗೇ ಅಲ್ವಾ ಇದ್ದದ್ದು. ಈ ವರ್ಷ ಆ ಮನೇಲಿ ಹಬ್ಬ ಇಲ್ಲ, ಹೋಳಿಗೆ ಇಲ್ಲ.”

ಮಹಾಲಕ್ಷ್ಮಮ್ಮ ತಟ್ಟೆಯಲ್ಲಿದ್ದ ಒಬ್ಬಟ್ಟು ನೋಡಿದಳು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದಡುಗೆ ಮಾಡುವವರುಂಟೆ? ಗಂಡನಿಗೂ ಅದು ಗೊತ್ತಿಲ್ಲದ್ದಲ್ಲ. ಚಿಕ್ಕಪ್ಪನ ಸುದ್ದಿಯನ್ನೂ ತವರಿನವರು ತನಗೆ ಮುಟ್ಟಿಸಲಿಲ್ಲ ಎಂದು ತಿಳಿದರೆ ಇವಳು ಸತ್ತೇಹೋಗುತ್ತಾಳೆ ಎಂದು ಹೆದರಿ, ಸಾವನ್ನು ಮುಚ್ಚಲು ಹೋಗಿ ಒಬ್ಬಟ್ಟು ತಂದಿದ್ದ ಮಾರಾಯ. ಅಂದರೆ ಇದು ಹೋಟೆಲಿನದು. ಅಂದರೆ ಆ ಚಕ್ಕುಲಿ, ಆ ನಿಪ್ಪಟ್ಟು, ಆ ಮಂಡಿನೋವಿನ ಮಾತು?

ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಆ ಒಬ್ಬಟ್ಟನ್ನು ತಿಂದಳು. ಹೊತ್ತು ತಂದವನು ಗಂಡನಲ್ಲವೇ.

ಮಾರನೆಯ ದಿನ ಬೆಳಿಗ್ಗೆ ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು, ಅವ್ವ ಹಾಕುತ್ತಿದ್ದ ಹಾಗೆ ಅದಕ್ಕೊಂದು ಹಿಡಿ ಹುಣಸೆ ಚಿಗುರು ಹಾಕಿ ಕ್ಯಾರಿಯರಿಗೆ ತುಂಬಿದಳು. ಸಾವಿನ ಮನೆಗೆ ನೆಂಟರಾದವರು ಅಡುಗೆ ಕಳಿಸಬೇಕಲ್ಲ.

“ಯಾರಿಗೆ ಇದು?” ಎಂದ ಗಂಗಹನುಮಯ್ಯ.

“ನಿಮ್ಮ ಡ್ರೈವರಿಗೆ ಕೊಡು,” ಎಂದಳು, ಒಲೆಯ ಕಡೆ ತಿರುಗಿಕೊಂಡು.

ಕ್ಯಾರಿಯರ್ ಖಾಲಿಯಾಗಿ ಬಂತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ‘ಡ್ರೈವರಿಗೆ’ ಎಂದು ಅಡುಗೆ ಆಗದ ವಾರವಿರಲಿಲ್ಲ. ಡ್ರೈವರುಗಳು ಬದಲಾದರು, ಗಂಗಹನುಮಯ್ಯನೂ ಟಿಕೆಟ್ ಚೀಲ ಬಿಟ್ಟ. ಆದರೂ ಖಾಕಿ ಅಂಗಿ ತೊಟ್ಟು ಬಸ್ಸು ಹತ್ತಿ ಪಾವಗಡಕ್ಕೆ ಹೋಗಿ ಬರುವುದನ್ನು ಬಿಡಲಿಲ್ಲ.

*

ಹಾರ್ನು ಕೇಳಿಸಿತು.

ಗೇಟಿನಲ್ಲಿ ನಿಲ್ಲಬೇಕಾದ ಬಸ್ಸು ಊರೊಳಗೇ ನುಗ್ಗಿ ಬಂತು. ಹುಟ್ಟಿದಾಗಿನಿಂದ ಬಸ್ಸು ಕಾಣದ ಬೀದಿ ಅದು. ಸೂರಿನ ಹೆಂಚು ತಗುಲೀತು ಎಂದು ಹೆಂಗಸರು ಕೂಗಿಕೊಂಡರು. ಬಸ್ಸಿನಿಂದ ಜನ ಇಳಿದರು, ಇಳಿಯುತ್ತಲೇ ಇದ್ದರು. ಹಾರ ಹಿಡಿದವರು, ಬರಿಗೈಯವರು, ಗಂಗಣ್ಣ ಯಾವಾಗಲೋ ಮಾತ್ರೆ ತಂದುಕೊಟ್ಟಿದ್ದ ಮಿಡಿಗೇಶಿಯ ಮುದುಕಿ. ಮಹಾಲಕ್ಷ್ಮಮ್ಮ ಯಾರನ್ನೂ ನೋಡಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ಎಲ್ಲರೂ ಇಳಿದಾಯಿತು.

ಆಮೇಲೆ ಪ್ರಸನ್ನ ಕುಮಾರ್ ಕೈ ಹಿಡಿದು ಒಬ್ಬ ಮುದುಕನನ್ನು ಇಳಿಸಿದ. ಕಂಕುಳಲ್ಲಿ ಸೀರೆಯ ಕವರು, ಕೈಯಲ್ಲಿ ಕ್ಯಾರಿಯರು. ಇಷ್ಟು ಸಣ್ಣಗಾಗಿದ್ದಾನೆಯೇ ಅಣ್ಣ! ಹೆಗಲು ಮಾತ್ರ ಅಪ್ಪನ ಹೆಗಲೇ.

ಓಬಳಪ್ಪ ಬಂದು ಮಂಡಿಯೂರಿ ಕೂತ. ಸೀರೆ ಬಿಡಿಸಿ ತಂಗಿಗೆ ಹೊದಿಸಲು ಹೋದ. ಸೆರಗು ಜಾರಿತು. ಹೊನ್ನಕ್ಕ ಎತ್ತಿ ಹೆಗಲಿಗೆ ಸರಿಮಾಡಿದಳು.

“ತಡ ಆಗೋಯ್ತು ಲಚ್ಚಿ.”

“ನಾನು ಕಾದಿದ್ದೆ ಅಣ್ಣ.” ಅವಳು ಬಿದಿರಿನಿಂದ ಕೈ ತೆಗೆಯದೆಯೇ ಹೇಳಿದಳು. “ಹೆಣ ಕಾಯ್ಸೋದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಯ್ತು.”

ಮುದುಕನ ಕಣ್ಣಲ್ಲಿ ನೀರು ತುಂಬಿತು. “ಅವತ್ತು ನಾನೂ ಇಂಗೇ ಬಿದಿರು ಹಿಡ್ಕೊಂಡು ಕೂತಿದ್ದೆ ಕಣಮ್ಮ. ಕೈ ಬಿಡಿಸ್ಬುಟ್ರು.”

ಅವಳು ಬಿದಿರು ಬಿಟ್ಟಳು. ಬಿಟ್ಟ ಕೈಯಲ್ಲಿ ಅಣ್ಣನ ಕೈ ಹಿಡಿದು, ಬೆಳಗಿನಿಂದ ತಡೆದುಕೊಂಡಿದ್ದನ್ನೆಲ್ಲ ಗೊಳೋ ಎಂದು ಅತ್ತಳು. ತಮಟೆ ಶುರುವಾಯಿತು. ಓಬಳಪ್ಪ ಎದ್ದು, ಬೇಡವೆಂದರೂ ಕೇಳದೆ, ಭಾವನ ಚಟ್ಟಕ್ಕೆ ಹೆಗಲು ಕೊಟ್ಟ.

*

ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು, ದೀಪ ನೋಡಿ ಚದುರಿದರು. ಓಬಳಪ್ಪ ಜಗಲಿಯ ಮೇಲೆ ಒಬ್ಬನೇ ಕೂತ. ಮಹಾಲಕ್ಷ್ಮಮ್ಮ ಹೊಸ್ತಿಲ ಒಳಗೆ ಗೋಡೆಗೊರಗಿ ಕೂತಿದ್ದಳು. ಅವನು ಹೊಸ್ತಿಲು ನೋಡಿದ, ಅವಳೂ ನೋಡಿದಳು.

“ಲಚ್ಚಿ, ಒಂದು ಲೋಟ ನೀರು ಕೊಡು.”

ಅವಳು ಎದ್ದುಹೋಗಿ ತಂದುಕೊಟ್ಟಳು. ಅವನು ಗಟಗಟ ಕುಡಿದು, ಬರಿದಾದ ಲೋಟವನ್ನು ಕೈಯಲ್ಲೇ ಇಟ್ಟುಕೊಂಡ. ಆಮೇಲೆ ಕ್ಯಾರಿಯರ್ ಬಿಚ್ಚಿದ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. “ಒಲೆ ಹಚ್ಚಿರಾಕಿಲ್ಲ ನೀವು. ಒಂದು ತುತ್ತು ತಿನ್ನು.”

ತುತ್ತು ಬಾಯಿಗಿಟ್ಟವಳು ಹಾಗೇ ನಿಂತುಬಿಟ್ಟಳು. ಹುಣಸೆ ಚಿಗುರು.

“ಯಾರು ಮಾಡಿದ್ದು?”

“ನಾನೇ. ಸೊಸೆ ತೆಲುಗಿನೋಳು, ಅವ್ಳಿಗೆ ಹೇಳಿದ್ರೆ, ‘ಏಂ ಮಾಮಾ, ಇದಕ್ಕೆ ಚಿಗುರು ಯಾರಾದ್ರೂ ಹಾಕ್ತಾರಾ’ ಅಂತಾಳೆ. ಇದನ್ನ ಅರೆದು, ಪಾವಗಡಕ್ಕೆ ಹೋಗಿ ಸೀರೆ ತಗೊಂಡು ಬಸ್ಸು ಹಿಡ್ಯೋ ಹೊತ್ಗೆ ಇಷ್ಟಾಯ್ತು. ಫೋನು ಒರಳ ಹತ್ರಾನೇ ಬಿಟ್ಬುಟ್ಟೆ.” ಇನ್ನೊಂದು ತುಂಡು ರೊಟ್ಟಿ ಮುರಿಯುತ್ತ ಹೇಳಿದ: “ಮೊದಮೊದ್ಲು ಭಾವ ತರ್ತಿದ್ದಿದ್ದು ಹೋಟ್ಲು ತಿಂಡಿ. ‘ಲಚ್ಚಿ ಕಳ್ಸವ್ಳೆ’ ಅನ್ನೋನು. ಹೋಟ್ಲು ಎಣ್ಣೆ ವಾಸ್ನೆ ನಂಗೆ ಗೊತ್ತಾಗಾಕಿಲ್ವಾ? ಹೂಂ ಅಂತ ತಿಂತಿದ್ದೆ. ಪಾಪ, ಅಷ್ಟು ದೂರ ಹೊತ್ಕೊಂಡು ಬಂದವ್ನಲ್ಲ ಅಂತ.”

ಮಹಾಲಕ್ಷ್ಮಮ್ಮನಿಗೆ ಅಳುವಿನ ನಡುವೆ ನಗು ಬಂತು. “ನಂಗೂ ಅಂಗೇ ತರೋನು ಅಣ್ಣ.”

“ಚಿಕ್ಕಪ್ಪ ತೀರ್ಕೊಂಡ ವರ್ಷ ಈ ಚಟ್ನಿ ಬಂತು. ಚಿಗುರು ಬಾಯಿಗೆ ಸಿಗ್ತು ನೋಡು, ಅಂಗಡಿ ಮುಂದೆ ನಿಂತು ಅತ್ಬುಟ್ಟೆ. ನೀನೇ ಮಾಡಿದ್ದು ಅಂತ ಗೊತ್ತಾಯ್ತು.”

“ಆಗ್ಲಾದ್ರೂ ಬರ್ಬಾರ್ದಿತ್ತಾ?”

“ನೀನು ಬರ್ಬಾರ್ದಿತ್ತಾ?”

ಗಂಗಹನುಮಯ್ಯ ಟಿಕೆಟ್ ಚೀಲ ನೇತುಹಾಕುತ್ತಿದ್ದ ಮೊಳೆ ಗೋಡೆಯಲ್ಲಿ ಬರಿದಾಗಿತ್ತು.

“ಭಾವ ತರ್ತಾ ಇದ್ದ,” ಎಂದ ಓಬಳಪ್ಪ ಕೊನೆಗೆ. “ಅವ್ನು ಹೊತ್ಕೊಂಡು ಓಡಾಡ್ತಾನೆ ಅಂತ ನಾವಿಬ್ರೂ ಕೂತ್ಬುಟ್ವಿ.”

ಕೊರಟಗೆರೆಗೆ ಹೋಗಿದ್ದ ಬಸ್ಸು ತಿರುಗಿ ಬಂದು ಬೀದಿಯ ತುದಿಯಲ್ಲಿ ಹಾರ್ನು ಹಾಕಿತು. ಪಾವಗಡಕ್ಕೆ ಅದೇ ಕೊನೆಯ ಬಸ್ಸು. ಓಬಳಪ್ಪ ಎದ್ದ. ಸಾವಿನ ಮನೆಯಿಂದ ಹೊರಡುವವರು ‘ಹೋಗಿ ಬತ್ತೀನಿ’ ಎನ್ನಬಾರದು, ತಿರುಗಿ ನೋಡಬಾರದು. ಅವನು ಲೋಟವನ್ನು ಜಗಲಿಯ ಮೇಲಿಟ್ಟು ಸುಮ್ಮನೆ ನಡೆದ.

ಅವನು ಬಸ್ಸು ಹತ್ತಿದ ಮೇಲೆಯೇ ಅವಳು ನೋಡಿದ್ದು. ಕ್ಯಾರಿಯರ್ ಅಲ್ಲೇ ಇತ್ತು. “ಅಯ್ಯೋ, ಮರ್ತೋದ!” ಎಂದು ಅದನ್ನೆತ್ತಿಕೊಂಡು, ಮಂಡಿನೋವನ್ನೂ ಮರೆತು ಬಸ್ಸಿನವರೆಗೆ ಓಡಿದಳು. ಕಿಟಕಿಯಲ್ಲಿ ಅಣ್ಣ ಕೂತಿದ್ದ. ಕಿಟಕಿಗೆ ಕ್ಯಾರಿಯರ್ ಚಾಚಿದಳು. ಅವನು ಕೈ ನೀಡಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ನೆಟ್ಟಗೆ ರಸ್ತೆ ನೋಡುತ್ತಿದ್ದ.

ಡ್ರೈವರ್ ಸೀಟಿನಿಂದ ಪ್ರಸನ್ನ ಕುಮಾರ್ ಬಗ್ಗಿ ಕೈ ಚಾಚಿದ. “ಇಲ್ಲಿ ಕೊಡಮ್ಮ. ನಾನು ತಲುಪಿಸ್ತೀನಿ. ಇನ್ಮೇಲೆ ಗಂಗಣ್ಣನ ಕೆಲ್ಸ ನಂದೇ ಅನ್ಕೊ.”

ಕೊಡಲು ಹೋದ ಕೈ ಅರ್ಧಕ್ಕೆ ನಿಂತಿತು. ಅವಳು ಅಣ್ಣನ ಮುಖ ನೋಡಿದಳು. ಮರೆತು ಬಿಟ್ಟುಬಂದವನ ಮುಖ ಅದಾಗಿರಲಿಲ್ಲ. ಕ್ಯಾರಿಯರನ್ನು ಹಿಂದಕ್ಕೆ ಎಳೆದುಕೊಂಡು, ನೀರಿನ ಕೊಡದ ಹಾಗೆ ಸೊಂಟಕ್ಕೆ ಏರಿಸಿಕೊಂಡಳು.

“ಬೇಡ ಕಣಪ್ಪ,” ಎಂದಳು. “ತಿಥಿ ಕಳೀಲಿ, ನಾನೇ ಹೊತ್ಕೊಂಡು ಬತ್ತೀನಿ.”

ಓಬಳಪ್ಪ ತಿರುಗಿ ನೋಡಲಿಲ್ಲ. ಕೂತಲ್ಲೇ ಒಂದಿಷ್ಟು ಒಳಗೆ ಸರಿದು, ಕಿಟಕಿ ಪಕ್ಕದ ಜಾಗವನ್ನು ತಂಗಿಗೆಂಬಂತೆ ಬಿಟ್ಟ. ಬಸ್ಸು ಹೊರಟಿತು. ಬಾಡಿದ ಚೆಂಡುಹೂವಿನ ಹಾರ ಅದರ ಹಣೆಯ ಮೇಲೆ ಓಲಾಡುತ್ತಿತ್ತು. ದುರ್ಗದ ತಿರುವು ದಾಟುವವರೆಗೂ ಆ ಖಾಲಿ ಕಿಟಕಿ ಅವಳಿಗೆ ಕಾಣುತ್ತಲೇ ಇತ್ತು.